ಸಿಂಹವೂ ಸಿಂಹಾವಲೋಕನವೂ

ವೆನಿಸ್ ಚಲಚ್ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಗೆ ಸುವರ್ಣ ಸಿಂಹವೆಂದು ಹೆಸರು. ಹಳೆಯ ಚಿತ್ರಗಳನ್ನು ಮತ್ತೆ ತೆರೆಗೆ ತಂದು ತೋರಿಸುವುದಕ್ಕೆ ಕನ್ನಡದಲ್ಲಿ ನಾವು ಬಳಸುವ ಮಾತು ಸಿಂಹಾವಲೋಕನ. ಮುಂದೆ ನಡೆಯುತ್ತಿರುವ ಸಿಂಹ ಒಮ್ಮೆ ನಿಂತು, ಕೊರಳು ಹೊರಳಿಸಿ, ತಾನು ಬಂದ ದಾರಿಯನ್ನು ನೋಡುವುದು. ಬರಿಯ ಶಬ್ದದ ಆಟವೆಂದು ಯಾರಾದರೂ ನಕ್ಕರೆ ನಮ್ಮ ಆಕ್ಷೇಪವಿಲ್ಲ. ಆದರೆ 2024ರಲ್ಲಿ ವೆನಿಸ್‌ನಲ್ಲಿ ಕನ್ನಡದ ಪಾಲಿಗೆ ಬಂದದ್ದು ಸಿಂಹವಲ್ಲ, ಸಿಂಹಾವಲೋಕನ. ಎರಡರಲ್ಲಿ ಅದೇ ಹೆಚ್ಚಿನದೆಂದು ನಮ್ಮ ಅಭಿಪ್ರಾಯ.

ಅದು 81ನೆಯ ಉತ್ಸವ; ಆಗಸ್ಟ್ 28ರಿಂದ ಸೆಪ್ಟೆಂಬರ್ 7ರವರೆಗೆ ಲಿಡೊ ದ್ವೀಪದಲ್ಲಿ ನಡೆಯಿತು. ಫ್ರೆಂಚ್ ನಟಿ ಇಸಬೆಲ್ ಹುಪೆರ್ ಅವರ ಅಧ್ಯಕ್ಷತೆಯ ತೀರ್ಪುಗಾರರು ಸುವರ್ಣ ಸಿಂಹವನ್ನು ಸ್ಪೇನಿನ ಪೆದ್ರೊ ಅಲ್ಮೊದೊವಾರ್ ಅವರ 'ದಿ ರೂಮ್ ನೆಕ್ಸ್ಟ್ ಡೋರ್' ಚಿತ್ರಕ್ಕೆ ಕೊಟ್ಟರು. ಪತ್ರಿಕೆಗಳ ಅಂಕಣಗಳೆಲ್ಲ ಅದಕ್ಕೂ, ಕೆಂಪು ಹಾಸಿನ ಮೇಲೆ ನಡೆದುಹೋದ ತಾರೆಯರ ಉಡುಪಿಗೂ ಮೀಸಲಾದವು. ಅದೇ ಉತ್ಸವದ 'ವೆನಿಸ್ ಕ್ಲಾಸಿಕ್ಸ್' ವಿಭಾಗದಲ್ಲಿ ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಪುನರುಜ್ಜೀವನಗೊಂಡ ಹೊಸ ಪ್ರತಿಯಲ್ಲಿ ಪ್ರದರ್ಶಿತವಾಯಿತು. ಆ ಸುದ್ದಿಗೆ ಸಿಕ್ಕಿದ್ದು ನಾಲ್ಕಾರು ಸಾಲು.

ಸ್ಪರ್ಧೆಯೆಂದರೆ ಜನಕ್ಕೆ ಕುತೂಹಲ. ಅದು ಕುದುರೆ ಜೂಜಿನ ಹಾಗೆ. ವೆನಿಸ್ 1932ರಲ್ಲಿ ಆರಂಭವಾದಾಗ ಅಲ್ಲಿ ಸ್ಪರ್ಧೆ ಇರಲಿಲ್ಲ. ಪ್ರೇಕ್ಷಕರ ಮತ ಕೇಳಿದ್ದರು, ಅಷ್ಟೆ. 1934ರಲ್ಲಿ ಸ್ಪರ್ಧೆ ಸೇರಿತು. ಅದರ ಬೆನ್ನಿಗೇ ರಾಜಕೀಯವೂ ಸೇರಿತು. ಅಂದಿನ ದೊಡ್ಡ ಪಾರಿತೋಷಕದ ಹೆಸರೇ ಮುಸೊಲಿನಿ ಕಪ್. 1938ರಲ್ಲಿ ಹಿಟ್ಲರನ ಜರ್ಮನಿಯ 'ಒಲಿಂಪಿಯಾ' ಚಿತ್ರಕ್ಕೂ ಮುಸೊಲಿನಿಯ ಇಟಲಿಯ ಒಂದು ವಿಮಾನ ಚಾಲಕನ ಕಥೆಗೂ ಆ ಗೌರವ ಸಂದಿತು. ಸಿಟ್ಟಿಗೆದ್ದ ಫ್ರೆಂಚರು ತಮ್ಮದೇ ಒಂದು ಉತ್ಸವ ಹೂಡಬೇಕೆಂದು ಹೊರಟರು. ಇಂದಿನ ಕಾನ್ ಉತ್ಸವದ ಹುಟ್ಟು ಹೀಗೆ.

ರಾಜಕೀಯ ಇಲ್ಲದಾಗಲೂ ತೀರ್ಪುಗಾರರ ಕಣ್ಣು ಎಷ್ಟು ದೂರ ಕಾಣುತ್ತದೆ? 1953ರಲ್ಲಿ ಸುವರ್ಣ ಸಿಂಹಕ್ಕೆ ಯಾವ ಚಿತ್ರವೂ ಯೋಗ್ಯವಲ್ಲವೆಂದು ಯಾರಿಗೂ ಕೊಡಲಿಲ್ಲ. ಆ ವರ್ಷ ರಜತ ಸಿಂಹ ಹಂಚಿಕೊಂಡ ಆರು ಚಿತ್ರಗಳಲ್ಲಿ ಜಪಾನಿನ ಮಿಜೊಗುಚಿಯ 'ಉಗೆತ್ಸು' ಇತ್ತು, ಫೆಲಿನಿಯ 'ಇ ವಿತೆಲ್ಲೋನಿ' ಇತ್ತು. ಮರುವರ್ಷ ಇನ್ನೂ ವಿಚಿತ್ರ. ಕುರೊಸಾವಾನ 'ಸೆವೆನ್ ಸಮುರಾಯ್', ಫೆಲಿನಿಯ 'ಲಾ ಸ್ತ್ರಾದಾ', ಮಿಜೊಗುಚಿಯ 'ಸಾನ್ಶೊ', ಎಲಿಯಾ ಕಜಾನನ 'ಆನ್ ದಿ ವಾಟರ್‌ಫ್ರಂಟ್' ನಾಲ್ಕೂ ಒಂದೇ ಸ್ಪರ್ಧೆಯಲ್ಲಿ ನಿಂತವು, ನಾಲ್ಕಕ್ಕೂ ಬೆಳ್ಳಿ. ಚಿನ್ನ ಹೋದದ್ದು ಕಾಸ್ತೆಲ್ಲಾನಿಯ 'ರೋಮಿಯೊ ಆಂಡ್ ಜೂಲಿಯೆಟ್' ಚಿತ್ರಕ್ಕೆ. ಅದನ್ನು ಇಂದು ಹುಡುಕಿಕೊಂಡು ಹೋಗಿ ನೋಡುವವರು ಎಷ್ಟು ಮಂದಿ? ಮಿಕ್ಕ ನಾಲ್ಕನ್ನು ಲೋಕ ಇನ್ನೂ ನೋಡುತ್ತಿದೆ.

ಹಾಗೆಂದು ಸ್ಪರ್ಧೆಯೇ ಬೇಡವೆನ್ನುವಷ್ಟು ಕೃತಘ್ನರು ನಾವಲ್ಲ. 1951ರಲ್ಲಿ 'ರಾಶೊಮೊನ್' ಸುವರ್ಣ ಸಿಂಹ ಪಡೆಯದೆ ಇದ್ದಿದ್ದರೆ ಜಪಾನಿ ಚಿತ್ರಗಳ ಕಡೆಗೆ ಪಶ್ಚಿಮ ತಿರುಗಿ ನೋಡುವುದು ಇನ್ನಷ್ಟು ತಡವಾಗುತ್ತಿತ್ತು. 1957ರಲ್ಲಿ ಸತ್ಯಜಿತ್ ರಾಯ್ ಅವರ 'ಅಪರಾಜಿತೊ'ಗೆ ಅದೇ ಪ್ರಶಸ್ತಿ ಬಂತು. ಕಲಕತ್ತೆಯ ಪ್ರೇಕ್ಷಕರು ಆ ಚಿತ್ರವನ್ನು ಕೈಬಿಟ್ಟಿದ್ದರು. ಊರು ಬಿಟ್ಟ ಮಗ, ಊರಿನಲ್ಲೇ ಕಾದು ಸವೆದ ತಾಯಿ: ಆ ಕಥೆ ನಮ್ಮಂಥ ವಲಸೆಯ ಮನೆಗಳಿಗೆ ಯಾರೂ ವಿವರಿಸಬೇಕಾದದ್ದಲ್ಲ. ಎತ್ತಿ ಹಿಡಿಯಲು ಒಂದು ಸಿಂಹ ಬೇಕಾಯಿತು. ಸ್ಪರ್ಧೆಯಿಂದ ಇಂಥ ಉಪಕಾರ ಆಗುವುದುಂಟು. ಆದರೆ ತೀರ್ಪೆಂದು ಅದನ್ನು ನಂಬುವುದು ಕಷ್ಟ.

ಇನ್ನು 'ಘಟಶ್ರಾದ್ಧ'ದ ವಿಚಾರ. 1968ರ ವಿದ್ಯಾರ್ಥಿ ಚಳವಳಿಯ ಬಿಸಿ ತಾಗಿ, ವೆನಿಸ್‌ನಲ್ಲಿ 1969ರಿಂದ 1979ರವರೆಗೆ ಸುವರ್ಣ ಸಿಂಹ ಕೊಡುವುದನ್ನೇ ನಿಲ್ಲಿಸಿದ್ದರು. ಕೆಲವು ವರ್ಷ ಉತ್ಸವವೂ ನಡೆಯಲಿಲ್ಲ; 1977 ಅಂಥ ಒಂದು ವರ್ಷ, 1978 ಇನ್ನೊಂದು. ಎಂದರೆ ಕಾಸರವಳ್ಳಿಯವರು ತಮ್ಮ ಮೊದಲ ಕಥಾಚಿತ್ರ ಮುಗಿಸಿ ಡಬ್ಬಿಗೆ ಮುಚ್ಚಳ ಹಾಕಿದಾಗ, ಅದು ಹೋಗಿ ತಟ್ಟಬಹುದಾಗಿದ್ದ ಬಾಗಿಲೇ ಅಲ್ಲಿರಲಿಲ್ಲ. ದೆಹಲಿ ಅದಕ್ಕೆ ಸ್ವರ್ಣಕಮಲ ಕೊಟ್ಟಿತು, ಸಂಗೀತಕ್ಕಾಗಿ ಬಿ. ವಿ. ಕಾರಂತರಿಗೂ, ನಾಣಿಯ ಪಾತ್ರ ಮಾಡಿದ ಹುಡುಗ ಅಜಿತ್ ಕುಮಾರನಿಗೂ ರಾಷ್ಟ್ರಪ್ರಶಸ್ತಿ ಬಂತು. ವೆನಿಸ್ ತಲುಪಲು 47 ವರ್ಷ ಬೇಕಾಯಿತು, ಅದೂ ಹಿಂದಿನ ಬಾಗಿಲಿನಿಂದ. ಅದೇ ವಿಭಾಗದಲ್ಲಿ ಪೀಟರ್ ಬ್ರೂಕ್ ಅವರ 'ಮಹಾಭಾರತ'ವೂ ಇತ್ತು. ಜೂಜಿನ ಚಟ ಎಲ್ಲಿ ಬಿಡುತ್ತದೆ? ಹಳೆಯ ಚಿತ್ರಗಳ ಈ ವಿಭಾಗಕ್ಕೂ ಒಂದು ಬಹುಮಾನ ಇಟ್ಟಿದ್ದಾರೆ. ಅದು ನಮ್ಮ ನಾಣಿಗೆ ಬರಲಿಲ್ಲ. ಇಟಲಿಯ ನಾನ್ನಿ ಮೊರೆತ್ತಿಯ 1978ರ ಚಿತ್ರಕ್ಕೆ ಹೋಯಿತು.

ಯು. ಆರ್. ಅನಂತಮೂರ್ತಿಯವರ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ವೇದ ಕಲಿಯಲು ಉಡುಪರ ಮನೆಗೆ ಬಂದ ಎಳೆಯ ನಾಣಿ. ಆ ಮನೆಯ ವಿಧವೆ ಮಗಳು ಯಮುನಕ್ಕ. ಅವಳ ಬಸಿರು, ಅದನ್ನು ಅಡಗಿಸುವ ಹೆಣಗಾಟ, ಕೊನೆಗೆ ತಂದೆಯೇ ಬದುಕಿರುವ ಮಗಳಿಗೆ ಮಾಡುವ ಶ್ರಾದ್ಧ. ಈ ಸರಕನ್ನು ಇಟ್ಟುಕೊಂಡು ಮೂರು ಕರವಸ್ತ್ರ ತೊಯ್ಯಿಸುವ ಚಿತ್ರ ಮಾಡಬಹುದಾಗಿತ್ತು. ಕಾಸರವಳ್ಳಿ ಹಾಗೆ ಮಾಡಲಿಲ್ಲ. ಅವರು ಕ್ಯಾಮೆರಾವನ್ನು ಹುಡುಗನ ಎತ್ತರಕ್ಕೆ ಇಳಿಸಿದರು. ದೊಡ್ಡವರು ಪಿಸುಗುಡುವುದು ಅವನಿಗೆ ಅರ್ಧ ಕೇಳುತ್ತದೆ, ಅರ್ಧ ಅರ್ಥವಾಗುವುದಿಲ್ಲ. ಅರ್ಥವಾಗದ್ದಕ್ಕೇ ಅವನು ಹೆದರುತ್ತಾನೆ. ಹೆದರಿದರೂ ಕತ್ತಲಲ್ಲಿ ಯಮುನಕ್ಕನ ಜೊತೆ ಬಿಟ್ಟು ಹೋಗುವುದಿಲ್ಲ. ಇಡೀ ಅಗ್ರಹಾರದಲ್ಲಿ ಅವಳ ಪಕ್ಕ ನಿಂತವನು ಅವನೊಬ್ಬನೇ, ಏನು ಮಾಡಲೂ ಶಕ್ತಿಯಿಲ್ಲದವನು. ಮೀನಾ ಕುಟ್ಟಪ್ಪ ಅವರ ಯಮುನಕ್ಕ ಹೆಚ್ಚು ಮಾತಾಡುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ತಲೆ ಬೋಳಿಸಿಕೊಂಡು ಮರದಡಿ ಕೂತ ಅವಳನ್ನು, ತಂದೆಯ ಜೊತೆ ಊರು ಬಿಟ್ಟು ಹೋಗುತ್ತಿರುವ ನಾಣಿ ತಿರುಗಿ ನೋಡುವ ಆ ಕೊನೆಯ ನೋಟವನ್ನು ಒಮ್ಮೆ ಕಂಡವರು ಮರೆಯಲಾರರು.

ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನ ಛಾಯಾಗ್ರಹಣದ ಬಗ್ಗೆ ಒಂದು ಮಾತು. ನಮಗೆ ಈ ಚಿತ್ರ ನೆನಪಿರುವುದು ಗೀರುಬಿದ್ದ ಹಳೆಯ ಪ್ರತಿಯಿಂದ. ಕಾಡಿನ ರಾತ್ರಿಯಲ್ಲಿ ಮರ ಯಾವುದು ಮನುಷ್ಯ ಯಾವುದು ಎಂದು ಕಣ್ಣು ಕಿರಿದಾಗಿಸಿ ನೋಡಿದ್ದೇವೆ. ಅದರಲ್ಲಿ ಎಷ್ಟು ಕತ್ತಲೆ ರಾಮಚಂದ್ರರದು, ಎಷ್ಟು ಕತ್ತಲೆ ಸವೆದ ಪ್ರತಿಯದು? ವೆನಿಸ್‌ಗೆ ಹೋದ ಪ್ರತಿ ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಬಿದ್ದಾಗ ಮೊದಲು ನೋಡುವುದು ಆ ರಾತ್ರಿಯನ್ನೇ.

ಒಂದು ತಕರಾರೂ ಇದೆ. ಒಂದೇ ಚಿತ್ರವನ್ನು ತೊಳೆದು ತೋರಿಸುವುದು ಪೂರ್ಣ ಸಿಂಹಾವಲೋಕನವಲ್ಲ. ಯಮುನಕ್ಕನನ್ನು ನೋಡಿದ ಕಣ್ಣಿನಿಂದಲೇ 1997ರ 'ತಾಯಿ ಸಾಹೇಬ'ದ ಜಯಮಾಲಾ ಅವರನ್ನೂ, 2002ರ 'ದ್ವೀಪ'ದಲ್ಲಿ ಏರುವ ನೀರಿನ ನಡುವೆ ಮನೆ ಉಳಿಸಿಕೊಳ್ಳುವ ಸೌಂದರ್ಯಾ ಅವರನ್ನೂ ನೋಡಬೇಕು. ಮೊದಲನೆಯವಳನ್ನು ಸಮಾಜ ಹೊರಗೆ ತಳ್ಳುತ್ತದೆ. ಕೊನೆಯವಳು ಹೊರಡಲು ಒಲ್ಲೆನೆನ್ನುತ್ತಾಳೆ. ಆ 25 ವರ್ಷಗಳಲ್ಲಿ ಒಬ್ಬ ನಿರ್ದೇಶಕನ ಮನಸ್ಸು ನಡೆದ ದಾರಿ ಕಾಣುವುದು ಎಲ್ಲವನ್ನೂ ಸಾಲಾಗಿ ನೋಡಿದಾಗ. ನಡುವೆ 1986ರ 'ತಬರನ ಕಥೆ'ಯೂ ಬರಬೇಕು. ಈ ನಾಲ್ಕೂ ಸ್ವರ್ಣಕಮಲ ಪಡೆದ ಚಿತ್ರಗಳು. ವೆನಿಸ್ ಕ್ಲಾಸಿಕ್ಸ್ 2012ರಿಂದ ನಡೆಸಿಕೊಂಡು ಬಂದಿರುವ ಪದ್ಧತಿಯಲ್ಲಿ ಪುನರುಜ್ಜೀವನವಾದ ಚಿತ್ರಕ್ಕೆ ಮಾತ್ರ ಪ್ರವೇಶ. ಪುನರುಜ್ಜೀವನಕ್ಕೆ ಹಣ ಬೇಕು. 'ಘಟಶ್ರಾದ್ಧ'ಕ್ಕೆ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಅಮೆರಿಕದ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಸಂಸ್ಥೆಯ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಮತ್ತು ಹಾಬ್ಸನ್ ಲ್ಯೂಕಸ್ ಕುಟುಂಬದ ದತ್ತಿ ಕೈಜೋಡಿಸಿದವು. ಎಲ್ಲ ಚಿತ್ರಗಳಿಗೂ ಇಂಥ ಬಂಧುಬಳಗ ಸಿಕ್ಕೀತೆ?

ಹಣಕ್ಕಿಂತ ಮೊದಲು ನೆಗೆಟಿವ್ ಇರಬೇಕು. ಇಲ್ಲಿ ಪುಣೆಯ ವಿಷಯ ಬರುತ್ತದೆ. ಪುಣೆಯ ಪ್ರಭಾತ್ ಸಂಸ್ಥೆಯ 'ಸಂತ ತುಕಾರಾಮ್' 1937ರಲ್ಲಿ ವೆನಿಸ್‌ನಲ್ಲಿ ಗೌರವ ಪಡೆದ ಚಿತ್ರ. ಅದೇ ಪ್ರಭಾತ್ ಸ್ಟುಡಿಯೊದ ಆವರಣದಲ್ಲಿ ಮುಂದೆ ಚಲಚ್ಚಿತ್ರ ಶಿಕ್ಷಣ ಸಂಸ್ಥೆ ಬಂತು. ಕಾಸರವಳ್ಳಿ ಓದಿದ್ದು ಅಲ್ಲಿ. 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವೂ ಅದೇ ಊರಿನಲ್ಲಿದೆ. 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಉಳಿದದ್ದು ಅಲ್ಲಿ. ಇದಕ್ಕೆ ಎದುರಾಗಿ ಇನ್ನೊಂದನ್ನು ನೆನೆಯಬೇಕು. ವೆನಿಸ್‌ನಲ್ಲಿ ಸ್ಪರ್ಧೆ ಆರಂಭವಾದ 1934ರಲ್ಲೇ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಗೆ ಬಂತು. ಅದೂ ನಮ್ಮ ಹಾಗೆ ಹೊರನಾಡಿನದು, ಕೊಲ್ಲಾಪುರದಲ್ಲಿ ತಯಾರಾದದ್ದು. ಅದರ ಒಂದು ಪ್ರತಿಯೂ ಇಂದು ಇಲ್ಲ. ಯಾವ ಉತ್ಸವದ ಯಾವ ಸಿಂಹವೂ ಅದನ್ನು ತಿರುಗಿ ನೋಡಲಾರದು.

'ಘಟಶ್ರಾದ್ಧ'ಕ್ಕೆ ಹಣ ಹೂಡಿದವರು ಸದಾನಂದ ಸುವರ್ಣ. ಮೂಲ್ಕಿಯಿಂದ ಮುಂಬಯಿಗೆ ಬಂದು, ಇಲ್ಲಿಯ ಕನ್ನಡ ರಂಗಭೂಮಿಗಾಗಿ ದುಡಿದವರು. ಹೆಸರಿಲ್ಲದ ತರುಣ ನಿರ್ದೇಶಕ, ಹಾಡು ಕುಣಿತವಿಲ್ಲದ ಕಥೆ, ಕಪ್ಪು ಬಿಳುಪು. ವ್ಯಾಪಾರ ಬಲ್ಲ ಯಾರೂ ಮುಟ್ಟದ ಸರಕಿಗೆ ಕೈಹಾಕಿದವರು ಮುಂಬಯಿ ಕನ್ನಡಿಗರೊಬ್ಬರು. 2024ರ ಜುಲೈ ತಿಂಗಳಲ್ಲಿ ಅವರು ತೀರಿಕೊಂಡರು. ಲಿಡೊದಲ್ಲಿ ದೀಪ ಆರಿ ಆ ಚಿತ್ರ ಮತ್ತೆ ಬೆಳಗುವುದಕ್ಕೆ ಕೆಲವೇ ವಾರ ಬಾಕಿಯಿತ್ತು.

ಆ ಹೊಸ ಪ್ರತಿಯನ್ನು ತರಿಸಲು ನಮ್ಮ ಹೊರನಾಡಿನ ಸಂಘಗಳು ಈಗಲೇ ಪತ್ರ ಬರೆಯಬೇಕು. ಯಾವುದಾದರೊಂದು ಭಾನುವಾರ ಬೆಳಿಗ್ಗೆ, ಉಪಾಹಾರ ಸ್ವಲ್ಪ ತಡವಾದರೂ ಸರಿ. ಕನ್ನಡ ಓದಲು ಬಾರದ ನಮ್ಮ ಮಕ್ಕಳು ತೆರೆಯ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡೇ ನೋಡಲಿ. ಬದುಕಿದ್ದವಳ ಹೆಸರಿನಲ್ಲಿ ಮಡಕೆ ಒಡೆದದ್ದು ಏಕೆಂದು ಅವರು ಕೇಳಿದಾಗ, ಪಕ್ಕದ ಕುರ್ಚಿಯಲ್ಲಿ ಕೂತ ಅಜ್ಜಿ ಏನು ಹೇಳುತ್ತಾರೋ ಕೇಳಬೇಕೆಂದು ನಮಗೆ ಆಸೆ.