ಹೀಬ್ರೂ ಅನುವಾದಕರು ಬೇಕಾಗಿದ್ದಾರೆ

1961ರಲ್ಲಿ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಐಖ್‌ಮನ್ ವಿಚಾರಣೆ ನಡೆದದ್ದು ಹೀಬ್ರೂವಿನಲ್ಲಿ. ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಿಗೆ ದುಭಾಷಿಗಳಿದ್ದರು. ವರದಿಗೆಂದು ಬಂದಿದ್ದ ಚಿಂತಕಿ ಹನ್ನಾ ಅರೆಂಟ್, ಜರ್ಮನ್ ಅನುವಾದ ತೀರಾ ಕಳಪೆಯೆಂದು ಹರಿಹಾಯ್ದರು. ಆದರೂ ಒಂದು ಕಾವಲಿತ್ತು. ಪೀಠದ ಮೂವರು ನ್ಯಾಯಾಧೀಶರಿಗೂ ಜರ್ಮನ್ ಚೆನ್ನಾಗಿ ಬರುತ್ತಿತ್ತು. ದುಭಾಷಿ ಎಡವಿದರೆ ತಿದ್ದುತ್ತಿದ್ದರು, ಬೇಕೆನಿಸಿದಾಗ ಆರೋಪಿಯನ್ನು ಜರ್ಮನ್‌ನಲ್ಲೇ ಪ್ರಶ್ನಿಸುತ್ತಿದ್ದರು.

ಇಂದು ಹೀಬ್ರೂ–ಇಂಗ್ಲಿಷ್ ಫ್ರೀಲಾನ್ಸ್ ಅನುವಾದಕರನ್ನು ಹುಡುಕುವವರಿಗೆ ಆ ಅನುಕೂಲವಿಲ್ಲ. ದುಡ್ಡು ಕೊಡುವವನಿಗೆ ತಾನು ಕೊಂಡದ್ದನ್ನು ಓದಲು ಬಾರದು. ಹಾಗಾಗಿ ಜಾಲತಾಣದ ನಕ್ಷತ್ರ ರೇಟಿಂಗ್, ದರ, ನೋಟರಿ ಮುದ್ರೆ ಇವನ್ನೇ ನಂಬುತ್ತಾನೆ. ಮೂರೂ ಅಳೆಯುವುದು ಬೇರೇನನ್ನೋ.

ಮುದ್ರೆಯನ್ನೇ ನೋಡಿ. ಇಸ್ರೇಲಿನಲ್ಲಿ ಜರ್ಮನಿಯಲ್ಲಿರುವಂಥ ‘ಪ್ರಮಾಣಿತ ಅನುವಾದಕ’ ಎಂಬ ಸರಕಾರಿ ಪಟ್ಟವಿಲ್ಲ. 1976ರ ನೋಟರಿ ಕಾನೂನಿನ ಪ್ರಕಾರ ಎರಡೂ ಭಾಷೆ ಬಲ್ಲ ನೋಟರಿ ಅನುವಾದ ಸರಿಯಿದೆಯೆಂದು ದೃಢೀಕರಿಸಬಹುದು. ಬಾರದಿದ್ದರೆ ಅನುವಾದಕನ ಹೇಳಿಕೆಗೆ ಮಾತ್ರ ಸಾಕ್ಷಿ. ಎರಡನೆಯದರಲ್ಲಿ ಅನುವಾದದ ಗುಣಕ್ಕೆ ನೋಟರಿ ಹೊಣೆ ಹೊತ್ತಿಲ್ಲ. ಕೆಂಪು ಮುದ್ರೆ ಕಂಡ ಗ್ರಾಹಕ ಇದನ್ನು ಗಮನಿಸುವುದೇ ಇಲ್ಲ.

ದರದ ವಿಷಯದಲ್ಲಂತೂ ಜಗಳ ಕಾದೇ ಇರುತ್ತದೆ. ಹೀಬ್ರೂವಿನಲ್ಲಿ ‘ಮತ್ತು’, ‘ಆ’, ‘ಒಳಗೆ’ ಎಂಬಂಥವು ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನಲ್ಲಿ ಪದಗಳ ಸಂಖ್ಯೆ ಹಿಗ್ಗುತ್ತದೆ. ಎಣಿಸುವುದು ಮೂಲವನ್ನೋ ಅನುವಾದವನ್ನೋ ಎಂದು ಮೊದಲೇ ಬರೆದುಕೊಳ್ಳಬೇಕು. ಹೆಸರುಗಳದ್ದು ಇನ್ನೊಂದು ತೊಡಕು: ಸ್ವರಚಿಹ್ನೆಗಳಿಲ್ಲದ ಹೀಬ್ರೂ ಬರಹದಲ್ಲಿ ಅವುಗಳ ಉಚ್ಚಾರ ಊಹೆಗೆ ಬಿಟ್ಟದ್ದು. ಪಾಸ್‌ಪೋರ್ಟಿನ ಕಾಗುಣಿತ ಕೇಳದೆ ಜನನ ಪ್ರಮಾಣಪತ್ರಕ್ಕೆ ಕೈಹಾಕುವವರನ್ನು ಅಲ್ಲೇ ಬಿಡಿ. ಯಹೂದಿ ಮದುವೆಯ ಕರಾರುಪತ್ರ ಕೆತುಬಾ ಹೀಬ್ರೂ ಲಿಪಿಯಲ್ಲಿದ್ದರೂ ಅದರ ಭಾಷೆ ಅರಾಮಿಕ್. ಅದನ್ನೂ ಹೀಬ್ರೂ ದರದಲ್ಲೇ ಥಟ್ಟನೆ ಒಪ್ಪಿಕೊಂಡವರ ಬಗ್ಗೆ ನನಗೆ ಅನುಮಾನ.

1999ರಲ್ಲಿ ಶುರುವಾದ ಪ್ರೋಝ್‌ನಂಥ ಅನುವಾದಕರ ಜಾಲತಾಣಗಳಲ್ಲಿ ಅಗ್ಗದ ದರದ ಪೈಪೋಟಿ ಇದೆ. ಆದರೂ ಅಲ್ಲೊಂದು ಒಳ್ಳೆಯ ವ್ಯವಸ್ಥೆಯಿದೆ: ಕಠಿಣ ಪದಗಳ ಬಗ್ಗೆ ಅನುವಾದಕರು ಪರಸ್ಪರ ಕೇಳಿ, ಬಹಿರಂಗವಾಗಿ ವಾದಿಸುತ್ತಾರೆ. ಪ್ರೊಫೈಲಿಗಿಂತ ಆ ಉತ್ತರಗಳನ್ನು ಓದಿದರೆ ಮನುಷ್ಯನ ಯೋಗ್ಯತೆ ತಿಳಿಯುತ್ತದೆ. 1981ರಲ್ಲಿ ಸ್ಥಾಪನೆಯಾದ ಇಸ್ರೇಲ್ ಅನುವಾದಕರ ಸಂಘದ ಪಟ್ಟಿ ಇದಕ್ಕಿಂತ ಭರವಸೆಯದು, ಆದರೆ ಬರಿಯ ಸದಸ್ಯತ್ವವನ್ನೇ ಅರ್ಹತೆ ಎಂದುಕೊಳ್ಳಬಾರದು.

ದುಭಾಷಿಗಳ ಲೆಕ್ಕವೇ ಬೇರೆ. ಏಕಕಾಲಿಕ ಅನುವಾದಕ್ಕೆ ಇಬ್ಬರು ಬೇಕು, ಸುಮಾರು ಅರ್ಧ ಗಂಟೆಗೊಮ್ಮೆ ಬದಲಾಗುತ್ತಾ. ಇಡೀ ದಿನ ಒಬ್ಬನೇ ನಿಭಾಯಿಸುತ್ತೇನೆ ಎಂದವನಿಗೆ ಈ ಕೆಲಸ ಗೊತ್ತಿಲ್ಲ.

ಮಂಗಳೂರು, ಉಡುಪಿ ಕಡೆಯಿಂದ ಆರೈಕೆಯ ಕೆಲಸಕ್ಕೆ ಇಸ್ರೇಲಿಗೆ ಹೋದವರಿಗೂ ಇದು ದೂರದ ಮಾತಲ್ಲ. ಸಂಬಳದ ಚೀಟಿ, ವಿಮೆ ಕಾಗದ ಹೀಬ್ರೂವಿನಲ್ಲಿ ಬಂದಾಗ ಅವರೂ ಇದೇ ಕತ್ತಲಲ್ಲಿ ತಡಕಾಡಬೇಕು. ಮಹತ್ವದ ದಾಖಲೆಯಾದರೆ ಎರಡನೆಯ ಅನುವಾದಕರಿಗೆ ಒಂದು ಪುಟವನ್ನಾದರೂ ದುಡ್ಡು ಕೊಟ್ಟು ತೋರಿಸಿ. ಆ ಖರ್ಚನ್ನು ಮೊದಲೇ ಅಂದಾಜಿನಲ್ಲಿ ಸೇರಿಸಿಕೊಳ್ಳಿ.