ಬಾನ್‌ಹೋಫರನ ಶಿಷ್ಯಮಾರ್ಗ

ಜರ್ಮನಿಯ ಪಾದ್ರಿ ಡೀಟ್ರಿಷ್ ಬಾನ್‌ಹೋಫರನನ್ನು ನಮ್ಮಲ್ಲಿ ಬಲ್ಲವರು ಬಲ್ಲುದು ಬಹುಮಟ್ಟಿಗೆ ಅವನ ಸಾವಿನಿಂದ. ಹಿಟ್ಲರನ ವಿರುದ್ಧ ನಡೆದ ಒಳಸಂಚಿನಲ್ಲಿ ಪಾಲುಗೊಂಡನೆಂದು 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯುರ್ಗ್ ಸೆರೆಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಆಗ ಅವನಿಗೆ ಮೂವತ್ತೊಂಬತ್ತು ವರ್ಷ. ಹುತಾತ್ಮನ ಪುಸ್ತಕವನ್ನು ವಿಮರ್ಶಿಸುವುದು ಸುಲಭವಲ್ಲ. ವಾಕ್ಯವಾಕ್ಯದ ಹಿಂದೆಯೂ ನೇಣುಗಂಬ ಕಾಣಿಸಿಕೊಂಡು ವಾಚಕನ ಬಾಯಿ ಕಟ್ಟುತ್ತದೆ. ಆದರೆ 1937ರಲ್ಲಿ ಪ್ರಕಟವಾದ ‘ನಾಖ್‌ಫೋಲ್ಗೆ’ಯನ್ನು ಬರೆದಾಗ ಆತ ಹುತಾತ್ಮನಾಗಿರಲಿಲ್ಲ, ಇಪ್ಪತ್ತು ಚಿಲ್ಲರೆ ಮಂದಿ ತರುಣರಿಗೆ ಪಾಠ ಹೇಳುವ ಉಪಾಧ್ಯಾಯನಾಗಿದ್ದ. ನಾನೂ ಅದೇ ವೃತ್ತಿಯವನಾದುದರಿಂದ ಪುಸ್ತಕವನ್ನು ಪಾಠವೆಂದೇ ಎಣಿಸಿ ಎರಡು ಮಾತು ಹೇಳಬಯಸುತ್ತೇನೆ.

‘ನಾಖ್‌ಫೋಲ್ಗೆ’ ಎಂದರೆ ಹಿಂಬಾಲಿಸುವುದು, ಒಬ್ಬನ ಬೆನ್ನ ಹಿಂದೆ ನಡೆಯುವುದು. 1948ರ ಇಂಗ್ಲಿಷ್ ಅನುವಾದ ಇದಕ್ಕೆ ‘ದಿ ಕಾಸ್ಟ್ ಆಫ್ ಡಿಸೈಪಲ್‌ಷಿಪ್’ ಎಂದು ಹೆಸರಿಟ್ಟು, ಮೂಲದ ಶೀರ್ಷಿಕೆಯಲ್ಲಿಲ್ಲದ ಬೆಲೆಯ ಮಾತನ್ನು ಸೇರಿಸಿತು. 2001ರ ಹೊಸ ಅನುವಾದ ಅದನ್ನು ಕೈಬಿಟ್ಟಿತು. ಕನ್ನಡದಲ್ಲಿ ‘ಶಿಷ್ಯತ್ವ’ ಎನ್ನಬೇಕಾಗುತ್ತದೆ. ಆದರೆ ನಮ್ಮ ಶಿಷ್ಯ ಶಬ್ದದ ಸುತ್ತ ಬೇರೆಯ ವಾಸನೆಯಿದೆ. ನಮ್ಮ ಶಿಷ್ಯ ವಿದ್ಯೆ ಕಲಿಯುತ್ತಾನೆ, ಕಲಿತು ಮುಗಿಸುತ್ತಾನೆ, ತಾನೂ ಗುರುವಾಗುತ್ತಾನೆ, ಮಠವಾದರೆ ಪಟ್ಟಕ್ಕೇರುತ್ತಾನೆ. ಬಾನ್‌ಹೋಫರನ ಹಿಂಬಾಲಕನಿಗೆ ಈ ಬಡ್ತಿ ಇಲ್ಲ. ಸಭೆಗೆ ಮುಂದಾಳಾಗಿ ನಿಂತ ಮೇಲೂ ಅವನು ಹಿಂದೆಯೇ ನಡೆಯತಕ್ಕವನು. ಅಷ್ಟಾವರಣದಲ್ಲಿ ಮೊದಲ ಸ್ಥಾನವನ್ನು ಗುರುವಿಗೇ ಕೊಟ್ಟ ನಾಡಿನವರಿಗೆ ಇದು ಸ್ವಲ್ಪ ವಿಚಿತ್ರವಾಗಿಯೇ ಕಂಡೀತು.

ಈ ಹಟ ಎಲ್ಲಿಂದ ಬಂತೆಂಬುದನ್ನು ತಿಳಿಯಲು ಕಾಲವನ್ನು ನೋಡಬೇಕು. ಜರ್ಮನಿಯಲ್ಲಿ ‘ನಾಯಕ’ ಎಂಬ ಮಾತು ಮದ್ಯದಂತೆ ಜನರ ತಲೆಗೇರಿದ್ದ ಕಾಲ ಅದು. ಹಿಟ್ಲರ್ ಅಧಿಕಾರಕ್ಕೆ ಬಂದ ಎರಡೇ ದಿನಕ್ಕೆ, 1933ರ ಫೆಬ್ರವರಿ 1ರಂದು, ಬಾನ್‌ಹೋಫರ್ ರೇಡಿಯೋದಲ್ಲಿ ನಾಯಕತ್ವವನ್ನು ಕುರಿತು ಮಾತನಾಡಿದ. ತನ್ನ ಅಧಿಕಾರದ ಎಲ್ಲೆಯನ್ನು ಅನುಯಾಯಿಗಳಿಗೆ ತಿಳಿಸಿಕೊಡದ ನಾಯಕ ವಿಗ್ರಹವಾಗುತ್ತಾನೆ, ಜನರ ದಾರಿ ತಪ್ಪಿಸುತ್ತಾನೆ ಎಂಬುದು ಅದರ ತಾತ್ಪರ್ಯ. ಭಾಷಣ ಮುಗಿಯುವ ಮೊದಲೇ ಪ್ರಸಾರ ನಿಂತುಹೋಯಿತು. ಅದೇ ವರ್ಷ ಪ್ರಾಟೆಸ್ಟೆಂಟ್ ಸಭೆಯ ಆಡಳಿತ ನಾಜಿಗಳ ಪರವಾದವರ ಕೈಸೇರಿತು. ಯೆಹೂದಿ ಮೂಲದವರು ಪಾದ್ರಿಗಳಾಗಿರಕೂಡದೆಂಬ ನಿಯಮವೂ ಬಂತು. ಇದನ್ನು ಒಪ್ಪದವರು 1934ರಲ್ಲಿ ಬಾರ್ಮೆನ್ ಮತ್ತು ಡಾಲೆಮ್‌ಗಳಲ್ಲಿ ಕೂಡಿ ಬೇರೆಯಾಗಿ ನಿಂತರು. ತಮ್ಮ ಪಾದ್ರಿಗಳನ್ನು ತಾವೇ ತಯಾರು ಮಾಡಿಕೊಳ್ಳಬೇಕಾಯಿತು.

ಆಗ ಬಾನ್‌ಹೋಫರ್ ಲಂಡನ್ನಿನಲ್ಲಿದ್ದ. ಭಾರತಕ್ಕೆ ಬಂದು ಗಾಂಧೀಜಿಯವರ ಬಳಿ ಕೆಲವು ಕಾಲ ಇರಬೇಕೆಂಬುದು ಅವನ ಆಸೆ. ಬರಬಹುದೆಂದು 1934ರ ನವೆಂಬರಿನಲ್ಲಿ ಗಾಂಧೀಜಿ ಪತ್ರವನ್ನೂ ಬರೆದರು. ಆ ಪ್ರಯಾಣ ನಡೆಯಲಿಲ್ಲ. 1935ರ ಏಪ್ರಿಲಿನಲ್ಲಿ ಆತ ಬಾಲ್ಟಿಕ್ ಕಡಲ ದಂಡೆಯ ತ್ಸಿಂಗ್ಸ್ಟ್‌ನಲ್ಲಿ ಪಾದ್ರಿಗಳ ಶಾಲೆಯೊಂದನ್ನು ತೆರೆದ. ಜೂನ್ ತಿಂಗಳಲ್ಲಿ ಶಾಲೆ ಸ್ಟೆಟಿನ್ ಪಟ್ಟಣದ ಬಳಿಯ ಫಿಂಕೆನ್‌ವಾಲ್ಡೆಗೆ ಹೋಯಿತು. ಈಗ ಆ ಸ್ಥಳ ಪೋಲೆಂಡಿನಲ್ಲಿದೆ.

ಬಂದವರು ವಿಶ್ವವಿದ್ಯಾನಿಲಯಗಳಲ್ಲಿ ದೇವಶಾಸ್ತ್ರ ಓದಿ ಮುಗಿಸಿದವರು. ಉಪನ್ಯಾಸ ಕೇಳಿ ಟಿಪ್ಪಣಿ ಬರೆದುಕೊಳ್ಳುವುದು ಅವರಿಗೆ ಗೊತ್ತಿತ್ತು. ಇಲ್ಲಿ ಅವರಿಗೆ ಸಿಕ್ಕಿದ್ದು ಬೇರೆ. ಬೆಳಗ್ಗೆ ಎದ್ದು ಕೂಡಿ ಪ್ರಾರ್ಥನೆ. ಆಮೇಲೆ ಅರ್ಧ ಗಂಟೆ ಮೌನವಾಗಿ ಒಂದೇ ವೇದವಾಕ್ಯದ ಧ್ಯಾನ. ಒಂದು ವಾರ ಪೂರ್ತಿ ಅದೇ ವಾಕ್ಯ. ತೂಕಡಿಸಿದವರುಂಟು, ಗೊಣಗಿದವರುಂಟು. ಕಾರ್ಲ್ ಬಾರ್ತ್‌ನಂಥ ಹಿರಿಯ ದೇವಶಾಸ್ತ್ರಜ್ಞನೂ ಇಲ್ಲಿ ಸಂನ್ಯಾಸಿ ಮಠದ ಗಾಳಿ ಬೀಸುತ್ತಿದೆಯೆಂದು ಶಂಕಿಸಿದ. ಇನ್ನೊಂದು ನಿಯಮವಿತ್ತು: ಎದುರಿಗಿಲ್ಲದ ಸಹೋದರನ ಮಾತನ್ನು ಆಡಕೂಡದು, ಆಡಿದರೆ ಅವನಿಗೆ ಹೋಗಿ ಹೇಳಬೇಕು. ಇದನ್ನು ನಮ್ಮ ಅಧ್ಯಾಪಕರ ಕೊಠಡಿಗಳಲ್ಲಿ ಒಂದೇ ಒಂದು ದಿನ ಜಾರಿಗೆ ತಂದರೆ ಗಡಿಯಾರದ ಸದ್ದು ಕೇಳಿಸೀತು.

ಅಡಿಗೆಮನೆಯ ಕಥೆ ಪ್ರಸಿದ್ಧವಾದದ್ದು. ಕೆಲಸಕ್ಕೆ ಕೈ ಬೇಕೆಂದು ಒಳಗಿನಿಂದ ಹೇಳಿಕಳುಹಿಸಿದರು. ಯಾರೂ ತಕ್ಷಣ ಏಳಲಿಲ್ಲ. ಬಾನ್‌ಹೋಫರ್ ಮಾತಿಲ್ಲದೆ ಎದ್ದುಹೋದ. ನಾಚಿಕೊಂಡ ಹುಡುಗರು ಹಿಂದೆಯೇ ಓಡಿದರೆ ಬಾಗಿಲಿಗೆ ಒಳಗಿನಿಂದ ಬೀಗ. ನಮ್ಮ ಕಾಲೇಜುಗಳಲ್ಲಿ ನಡೆಯುವ ನಾಯಕತ್ವ ಶಿಬಿರಗಳಲ್ಲಿ ಇಂಥ ಬೀಗವನ್ನು ನಾನು ಕಂಡಿಲ್ಲ. ಕೆಲಸಕ್ಕಿಂತ ಮೊದಲು ಛಾಯಾಚಿತ್ರಗಾರ ಬರುತ್ತಾನೆ.

ಗ್ರಂಥ ಬೆಳೆದದ್ದು ಇಲ್ಲಿ ಹೇಳಿದ ಪಾಠಗಳಿಂದ. ಅದರ ಬರವಣಿಗೆಯಲ್ಲಿ ಅಲಂಕಾರವಿಲ್ಲ. ವಾಕ್ಯಗಳು ಚಿಕ್ಕವು, ಕಡಿದು ಇಟ್ಟಂಥವು. ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಲೇವಿಯನ್ನು ಯೇಸು ಕರೆದ ಪ್ರಸಂಗವನ್ನು ಆತ ಬಿಡಿಸುವ ರೀತಿ ಸಾಹಿತ್ಯದ ವಿದ್ಯಾರ್ಥಿಗಳು ನೋಡತಕ್ಕದ್ದು. ಲೇವಿ ಕರೆ ಕೇಳಿದ, ಎದ್ದ, ಹಿಂದೆ ಹೋದ. ಏಕೆ ಎದ್ದ? ಮೊದಲೇ ಮನಸ್ಸು ಹದವಾಗಿತ್ತೋ? ಸುವಾರ್ತೆ ಹೇಳುವುದಿಲ್ಲ. ಕಾದಂಬರಿಕಾರನಾದರೆ ಅಲ್ಲಿ ಒಂದು ಅಧ್ಯಾಯ ಬರೆಯುತ್ತಿದ್ದ. ಬಾನ್‌ಹೋಫರ್ ಆ ತೆರಪನ್ನು ತೆರಪಾಗಿಯೇ ಬಿಡಬೇಕೆಂದು ಪಟ್ಟು ಹಿಡಿಯುತ್ತಾನೆ, ಕಾರಣ ಹುಡುಕುವವನು ವಿಧೇಯತೆಯನ್ನು ಮುಂದೂಡುತ್ತಿದ್ದಾನೆಂಬ ಗುಮಾನಿಯಿಂದ. ಹಾಗೆ ಮುಂದೂಡಿ ಪಡೆದ ಸಮಾಧಾನವೇ ಅವನ ಬಾಯಲ್ಲಿ ‘ಅಗ್ಗದ ಕೃಪೆ’.

ಪರ್ವತಪ್ರಸಂಗದ ವ್ಯಾಖ್ಯಾನ ಪುಸ್ತಕದ ಬಹುಭಾಗವನ್ನು ಆಕ್ರಮಿಸಿದೆ, ಅದನ್ನು ಹೊಗಳದವರಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಅದರ ಮುಂದೆ ಬರುವ, ಮತ್ತಾಯನ ಹತ್ತನೆಯ ಅಧ್ಯಾಯವನ್ನು ಕುರಿತ ಭಾಗ. ಹನ್ನೆರಡು ಮಂದಿಯನ್ನು ಕೆಲಸಕ್ಕೆ ಕಳುಹಿಸುವಾಗ ಹಣ, ಚೀಲ, ಎರಡನೆಯ ಅಂಗಿ ಏನೂ ಬೇಡವೆನ್ನುತ್ತಾನೆ ಯೇಸು. ಪಾಠ ಕೇಳುತ್ತಿದ್ದವರ ಸ್ಥಿತಿಯೂ ಅದೇ. ಅವರಿಗೆ ಸರ್ಕಾರ ಒಪ್ಪಿದ ಹುದ್ದೆಯಿಲ್ಲ, ಸಂಬಳದ ಭರವಸೆಯಿಲ್ಲ. 1937ರ ಆಗಸ್ಟಿನಲ್ಲಿ ಹಿಮ್ಲರನ ಆಜ್ಞೆ ಇಂಥ ಶಿಕ್ಷಣವನ್ನೇ ಅಪರಾಧವೆಂದಿತು. ಸೆಪ್ಟೆಂಬರ್ ಕೊನೆಯಲ್ಲಿ ಗೆಸ್ಟಾಪೋ ಮನೆಗೆ ಮೊಹರು ಹಾಕಿತು. ವರ್ಷ ಮುಗಿಯುವ ವೇಳೆಗೆ ಹಳೆಯ ವಿದ್ಯಾರ್ಥಿಗಳಲ್ಲಿ 27 ಮಂದಿ ಬಂಧನ ಕಂಡಿದ್ದರು. ಪುಸ್ತಕ ಅಂಗಡಿಗೆ ಬಂದಾಗ ಅದು ಹುಟ್ಟಿದ ಮನೆ ಮುಚ್ಚಿತ್ತು.

ಇನ್ನು ನನ್ನ ಆಕ್ಷೇಪಣೆ. ಪ್ರಶ್ನೆಯಿಲ್ಲದ ವಿಧೇಯತೆಯನ್ನು, ಇಡೀ ದೇಶವೇ ಪ್ರಶ್ನೆಯಿಲ್ಲದೆ ವಿಧೇಯವಾಗುತ್ತಿದ್ದ ಕಾಲದಲ್ಲಿ, ಕಲಿಸಬಹುದೇ? ಗ್ರಂಥಕರ್ತನಿಗೆ ಈ ಅಪಾಯ ತಿಳಿಯದಿರಲಿಲ್ಲ. ಕರೆ ಕೇಳಿದವನು ಒಂಟಿಯಾಗುತ್ತಾನೆ. ಅವನಿಗೂ ತಂದೆತಾಯಿಗೂ, ಅವನಿಗೂ ದೇಶಕ್ಕೂ ನಡುವೆ ಕ್ರಿಸ್ತ ನಿಲ್ಲುತ್ತಾನೆ ಎನ್ನುತ್ತಾನೆ. ಹಾಗಾದರೆ ಉಪಾಧ್ಯಾಯನಿಗೂ ಶಿಷ್ಯನಿಗೂ ನಡುವೆಯೂ ನಿಲ್ಲುತ್ತಾನೆ. 1939ರ ‘ಗೆಮೈನ್‌ಸಾಮೆಸ್ ಲೇಬೆನ್’ ಎಂಬ ಚಿಕ್ಕ ಪುಸ್ತಕದಲ್ಲಿ ಈ ಮಾತನ್ನು ಇನ್ನಷ್ಟು ಬಿಗಿಗೊಳಿಸಿ, ಒಬ್ಬ ಆಕರ್ಷಕ ವ್ಯಕ್ತಿಯ ಸುತ್ತ ಅಂಟಿಕೊಂಡ ಸಭೆಯನ್ನು ಆತ ಅನುಮಾನದಿಂದ ನೋಡಿದ್ದಾನೆ.

ಉತ್ತರ ಒಳ್ಳೆಯದು, ಆದರೆ ಸಾಲದು. ಕರೆ ಏನು ಹೇಳುತ್ತದೆಂದು ಬಿಡಿಸುವವನೊಬ್ಬ ಯಾವಾಗಲೂ ಇರುತ್ತಾನೆ. ಫಿಂಕೆನ್‌ವಾಲ್ಡೆಯಲ್ಲಿ ಅವನು ಬಾನ್‌ಹೋಫರನೇ. ಅವನಿಲ್ಲದಲ್ಲಿ ಏನಾಯಿತು? 1938ರ ಏಪ್ರಿಲಿನಲ್ಲಿ ಪಾದ್ರಿಗಳೆಲ್ಲರೂ ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಆಜ್ಞೆ ಬಂತು. ಬೇರೆಯಾಗಿ ನಿಂತ ಸಭೆಯವರಲ್ಲೂ ಬಹುಮಂದಿ ಪ್ರಮಾಣ ಮಾಡಿದರು. ತಮ್ಮ ಹುದ್ದೆಯನ್ನು ಕಾನೂನುಬದ್ಧ ಮಾಡಿಕೊಳ್ಳಲು ಅಧಿಕೃತ ಸಭೆಯ ಬಾಗಿಲು ತಟ್ಟಿದ ತರುಣರೂ ಇದ್ದರು. ಹೆಂಡತಿ ಮಕ್ಕಳಿದ್ದವರನ್ನು ಇಲ್ಲಿ ಕುಳಿತು ಆಡಿಕೊಳ್ಳುವುದು ನನ್ನ ಉದ್ದೇಶವಲ್ಲ. ಆದರೆ ಸೋತವನೊಬ್ಬ ಮರುದಿನ ಹೇಗೆ ನಡೆಯಬೇಕೆಂಬುದಕ್ಕೆ ಈ ಗ್ರಂಥದಲ್ಲಿ ಜಾಗ ತೀರ ಕಡಮೆ. ಎದ್ದು ನಡೆದ ಲೇವಿ ಪುಟಪುಟದಲ್ಲಿಯೂ ಇದ್ದಾನೆ. ಅಲ್ಲಗಳೆದು ಅತ್ತ ಪೇತ್ರನ ಹತ್ತಿರ ಗ್ರಂಥಕರ್ತ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಈ ಪುಸ್ತಕದಲ್ಲಿ ಅಪಾಯವಿದೆಯೆಂದು ಮುಂದೆ ಅವನೇ ಬರೆದ. 1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲುವ ಯತ್ನ ವಿಫಲವಾಯಿತು. ಮರುದಿನ ಟೇಗೆಲ್ ಸೆರೆಮನೆಯಿಂದ ತನ್ನ ಹಳೆಯ ವಿದ್ಯಾರ್ಥಿ, ಗೆಳೆಯ ಬೇತ್ಗೆಗೆ ಬರೆದ ಪತ್ರದಲ್ಲಿ ಆ ಮಾತು ಬರುತ್ತದೆ. ಆದರೂ ಬರೆದುದನ್ನು ಬಿಟ್ಟುಕೊಡುವುದಿಲ್ಲವೆಂದೂ ಅಲ್ಲಿಯೇ ಹೇಳಿದ್ದಾನೆ. ಮಠದ ಗಾಳಿಯನ್ನು ಶಂಕಿಸಿದ್ದ ಬಾರ್ತ್ ಕೂಡ 1955ರಲ್ಲಿ, ಶಿಷ್ಯತ್ವವನ್ನು ಕುರಿತು ಇದಕ್ಕಿಂತ ಚೆನ್ನಾಗಿ ತಾನು ಹೇಳಲಾರೆನೆಂಬ ಅರ್ಥದಲ್ಲಿ ಬರೆದ.

ಓದಬೇಕೆನ್ನುವವರು 1948ರ ಇಂಗ್ಲಿಷ್ ಪ್ರತಿಯನ್ನು ಹಿಡಿಯದಿರುವುದು ಲೇಸು, ಅದು ಸಂಕ್ಷೇಪ. 1959ರದಾಗಲಿ 2001ರದಾಗಲಿ ಪೂರ್ಣವಾಗಿದೆ. ಎರಡನೆಯ ಭಾಗ ಒಣಗಿದೆ. ಬೇಕಾದರೆ ಹಾರಿಸಿ, ಆ ಹೊತ್ತಿನಲ್ಲಿ ಬೇತ್ಗೆಗೆ ಬರೆದ ಪತ್ರಗಳನ್ನು ಓದಬಹುದು.