ನಲಿ-ಕಲಿಯ ಏಣಿ, ಕಲಿಕಾ ಶೈಲಿಯ ಹಣೆಪಟ್ಟಿ

ನೋಡಿ ಕಲಿಯುವ ಮಗುವಿಗೆ ಚಿತ್ರ, ಕೇಳಿ ಕಲಿಯುವ ಮಗುವಿಗೆ ಹಾಡು, ಮಾಡಿ ಕಲಿಯುವ ಮಗುವಿಗೆ ಆಟ: ನಲಿ-ಕಲಿಯನ್ನು ಮೆಚ್ಚುವವರು ಹೀಗೆ ಮೆಚ್ಚುವುದುಂಟು. ಮೆಚ್ಚುಗೆ ಸರಿ, ಕೊಟ್ಟ ಕಾರಣ ತಪ್ಪು.

1995ರಲ್ಲಿ ಯುನಿಸೆಫ್ ನೆರವಿನಿಂದ ಎಚ್.ಡಿ. ಕೋಟೆಯಲ್ಲಿ ಮೊದಲಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿದ ಪದ್ಧತಿ ಇದು. ಇದರ ಜೀವಾಳ ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿ. ಅಕ್ಷರಗಳು ವರ್ಣಮಾಲೆಯ ಸಾಲು ಬಿಟ್ಟು ರ, ಗ, ಸ, ದ, ಅ ಎಂದು ಆರಂಭವಾಗುವುದರಿಂದ ಮಗು ಬೇಗನೆ ‘ಅರಸ’, ‘ಸರ’ ಓದುತ್ತದೆ. ಒಂದು ಮೈಲಿಗಲ್ಲು ಮುಟ್ಟಿದ ಮೇಲೆಯೇ ಮುಂದಿನದು. ಎಲ್ಲರೂ ತಲುಪಬೇಕಾದ ಎತ್ತರ ಒಂದೇ. ಹತ್ತುವ ವೇಗ ಮತ್ತು ಸಿಗುವ ಆಸರೆ ಬೇರೆ. ಯಾವ ಮಗುವನ್ನೂ ‘ಕಣ್ಣಿನದು’, ‘ಕಿವಿಯದು’ ಎಂದು ಇದು ವಿಂಗಡಿಸುವುದಿಲ್ಲ.

ವಿಂಗಡಿಸದಿರುವುದೇ ಒಳ್ಳೆಯದು. ಕಲಿಕಾ ಶೈಲಿಗಳ ಮಾತನ್ನು ಜನಪ್ರಿಯಗೊಳಿಸಿದವರಲ್ಲಿ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಒಬ್ಬರು. ಆದರೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ಲಭ್ಯ ಸಂಶೋಧನೆಗಳನ್ನೆಲ್ಲ ಜಾಲಾಡಿ, ಶೈಲಿ ಗುರುತಿಸಿ ಅದಕ್ಕೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದರು. ಆದರೂ ಪಾಠ ಯೋಜನೆ ಬರೆಯುವಾಗ ಈ ವಿಂಗಡಣೆಯ ಮೋಹ ಬಿಟ್ಟಿಲ್ಲ.

ದಾರಿ ಬೇರೆಯಾದರೂ ಗುರಿ ಒಂದೇ ಎಂಬುದನ್ನು ಗದಗಿನವರಿಗೆ ತಿಳಿಸಲು ವೀರೇಶ್ವರ ಪುಣ್ಯಾಶ್ರಮ ಸಾಕು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಅಲ್ಲಿ ಕಿವಿ, ಸ್ಪರ್ಶ ಯಾರ ಇಷ್ಟದ ಶೈಲಿಯೂ ಅಲ್ಲ, ಅಗತ್ಯ. ಅಂಧರೆಂದು ರಾಗ ತಾಳಗಳಲ್ಲಿ ರಿಯಾಯಿತಿ ಇರಲಿಲ್ಲ. ಅಗತ್ಯಕ್ಕೆ ದಾರಿ ಬದಲಿಸುವುದು ಬೇರೆ, ರುಚಿಗೆಂದು ಗುರಿ ತಗ್ಗಿಸುವುದು ಬೇರೆ.

ಈ ಭಾಗದ ತರಗತಿಯಲ್ಲಿ ಕಾಣುವ ನಿಜವಾದ ವ್ಯತ್ಯಾಸಗಳೇ ಬೇರೆ. ಶಿರಹಟ್ಟಿ, ಮುಂಡರಗಿ ಸೀಮೆಯ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡಿ ಶಾಲೆಗೆ ಬರುತ್ತದೆ. ಸುಗ್ಗಿ ಮುಗಿದರೆ ತಂದೆತಾಯಿ ಗೋವಾ, ಮಂಗಳೂರಿನ ಕಡೆಗೆ ದುಡಿಯಲು ಹೊರಟಾಗ ಕೆಲವು ಮಕ್ಕಳೂ ಹೋಗುತ್ತಾರೆ. ಮರಳಿದ ಮಗು ತಾನು ಬಿಟ್ಟ ಮೈಲಿಗಲ್ಲಿನಿಂದಲೇ ಮತ್ತೆ ಶುರುಮಾಡಬಹುದು. ನಲಿ-ಕಲಿಯ ದೊಡ್ಡ ಗುಣ ಇದೇ. ಪಠ್ಯಪುಸ್ತಕದ ಪಾಠವಾದರೆ ಯಾರಿಗೂ ಕಾಯುವುದಿಲ್ಲ.

ದೋಷಗಳೂ ಇವೆ. ಮಕ್ಕಳು ಏಣಿ ಹತ್ತಲು ಬಳಸುವ ಕಲಿಕಾ ಕಾರ್ಡು ರಾಜ್ಯಕ್ಕೆಲ್ಲ ಒಂದೇ. ಲಂಬಾಣಿಯಿಂದ ಕನ್ನಡಕ್ಕೆ ಸೇತುವೆ ಕಟ್ಟುವ ಹೊಣೆ ಗುರುಗಳ ಹೆಗಲಿಗೇ ಬೀಳುತ್ತದೆ. ಎಚ್ಚರ ತಪ್ಪಿದರೆ ಶಿಕ್ಷಕರ ಕೆಲಸ ಕಾರ್ಡು ಹಂಚಿ ಪ್ರಗತಿ ನೋಟದ ಪಟ್ಟಿಯಲ್ಲಿ ಗುರುತು ಹಾಕುವುದಕ್ಕೆ ಇಳಿಯುತ್ತದೆ. ನಾಲ್ಕನೇ ತರಗತಿಗೆ ಕಾಲಿಟ್ಟರೆ ಏಣಿಯೇ ಇಲ್ಲ. ಪುಸ್ತಕ, ಕರಿಹಲಗೆ, ಎಲ್ಲರಿಗೂ ಒಂದೇ ವೇಗ. 2021ರ ನಿಪುಣ್ ಭಾರತ್ ಯೋಜನೆ ಮೂರನೆಯ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದ ಅರ್ಥಸಹಿತ ಓದಬೇಕೆನ್ನುತ್ತದೆ. ಆ ಗುರಿ ತಲುಪದ ಮಗುವಿಗೆ ಮುಂದಿನ ವರ್ಷ ಬೇಕಾಗುವುದು ಏಣಿಯೇ.

ಹಾಗಾದರೆ ಪಾಠ ಯೋಜನೆ ಹೇಗಿರಬೇಕು? ಮೂರನೇ ತರಗತಿಯ ಉದ್ದದ ಅಳತೆಯನ್ನೇ ನೋಡೋಣ. ಬೆಟಗೇರಿಯ ನೇಕಾರರ ಮಕ್ಕಳು ಬಟ್ಟೆ ಅಳೆಯುವುದನ್ನು ಮನೆಯಲ್ಲೇ ಕಂಡಿರುತ್ತಾರೆ. ಮೊದಲು ಎಲ್ಲರೂ ಗೇಣಿನಲ್ಲಿ ಒಂದೇ ಬೆಂಚು ಅಳೆಯಲಿ. ಉತ್ತರ ಬೇರೆ ಬೇರೆ ಬರುತ್ತದೆ. ಏಕೆಂದು ತಮ್ಮತಮ್ಮಲ್ಲೇ ಜಗಳಾಡಲಿ. ಆಮೇಲೆ ಸ್ಕೇಲು ಹಿಡಿದು ಸೆಂಟಿಮೀಟರಿನಲ್ಲಿ ಅಳೆದು ಬರೆಯಲಿ. ಇಲ್ಲಿ ಕೈ, ಕಣ್ಣು, ಮಾತು ಮೂರೂ ಪ್ರತಿ ಮಗುವಿನ ಪಾಲಿಗೂ ಬಂದವು, ಅಳತೆಗೆ ಅವು ಬೇಕು ಎಂಬ ಕಾರಣಕ್ಕೆ. ಪದ್ಯವಾದರೆ ಎಲ್ಲರೂ ಕೇಳಲೇಬೇಕು, ನಕ್ಷೆಯಾದರೆ ಎಲ್ಲರೂ ನೋಡಲೇಬೇಕು.

ದಾರಿಯನ್ನು ಗೊತ್ತುಮಾಡುವುದು ಪಾಠದ ಗುಣ. ಆಸರೆಯ ಅಳತೆಯನ್ನು ಗೊತ್ತುಮಾಡುವುದು ಮಗು ಈಗ ನಿಂತಿರುವ ಮೆಟ್ಟಿಲು. ಪಾಠ ಟಿಪ್ಪಣಿಯಲ್ಲಿ ಕಲಿಕಾ ಶೈಲಿಗೆ ಒಂದು ಕಲಂ ಇದ್ದರೆ ಅದನ್ನು ಹೊಡೆದುಹಾಕಿ, ಕಲಿಕಾ ಫಲದ ಎದುರಿಗೆ ಯಾರು ಎಲ್ಲಿ ನಿಂತಿದ್ದಾರೆ, ನಾಳೆ ಅವರಿಗೆ ಯಾರ ನೆರವು ಬೇಕು ಎಂದು ಬರೆದಿಡುವುದು ಮೇಲು. ನಲಿ-ಕಲಿ ಇಷ್ಟನ್ನು ಮೊದಲ ಮೂರು ತರಗತಿಗಳಲ್ಲಿ ಕಲಿಸಿಕೊಟ್ಟಿದೆ. ನಾಲ್ಕು, ಐದನೇ ತರಗತಿಗಳಿಗೆ ಅದನ್ನು ದಾಟಿಸದಿರುವುದು ಪದ್ಧತಿಯ ಸೋಲಲ್ಲ, ವ್ಯವಸ್ಥೆಯದು.